ಅರಿಕಮೇಡು ರೋಮನ್ನರ ಊರಾಗಿತ್ತೇ? ಮಡಕೆ ಚೂರುಗಳು ಹೇಳುವುದೇನು

ಪ್ರಶ್ನೆ: ಪುದುಚೇರಿ ಪ್ರವಾಸದಲ್ಲಿ ಅರಿಕಮೇಡು ನೋಡಲು ಹೋಗಿದ್ದೆವು. ಎರಡು ಸಾವಿರ ವರ್ಷ ಹಿಂದಿನ ರೋಮನ್ ಬಂದರು ಎಂದು ಕೇಳಿ ಹೋದವರಿಗೆ ಸಿಕ್ಕಿದ್ದು ಮರಗಳ ತೋಪು, ಪಕ್ಕದಲ್ಲಿ ಒಂದು ನದಿ, ಮುರಿದು ನಿಂತ ಇಟ್ಟಿಗೆ ಗೋಡೆ, ಅಷ್ಟೇ. ಅದು ನಿಜವಾಗಿ ರೋಮನ್ನರು ಕಟ್ಟಿದ ಊರೇ? ಸಮುದ್ರ ಅಷ್ಟು ಹತ್ತಿರ ಇರುವಾಗ ಬಂದರು ನದಿಯ ಮೇಲೇಕೆ? ಅಲ್ಲಿ ಏನೂ ಕಾಣದಿದ್ದರೆ ಇಷ್ಟೆಲ್ಲ ಗೊತ್ತಾದದ್ದು ಹೇಗೆ? ನಮ್ಮ ಕರ್ನಾಟಕಕ್ಕೂ ಅದಕ್ಕೂ ಏನಾದರೂ ನಂಟಿದೆಯೇ?

ಉತ್ತರ: ಮೊದಲು ಆ ಗೋಡೆಯ ವಿಷಯ ಮುಗಿಸಿಬಿಡೋಣ. ನೀವು ನೋಡಿದ ಗೋಡೆ ರೋಮನ್ನರದ್ದೂ ಅಲ್ಲ, ಪ್ರಾಚೀನವೂ ಅಲ್ಲ. ಅದು 18ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ನಡೆಸುತ್ತಿದ್ದ ಗುರುಮಠದ ಕಟ್ಟಡದ ಅವಶೇಷ. ಅರಿಕಮೇಡಿನ ಚಿತ್ರ ಕೇಳಿದರೆ ಎಲ್ಲರೂ ತೋರಿಸುವುದು ಅದನ್ನೇ. ಹಾಗಾಗಿ ಪ್ರವಾಸಿಗರು ಅದನ್ನೇ ರೋಮನ್ ಅವಶೇಷ ಎಂದು ನಂಬಿ ಹಿಂದಿರುಗುತ್ತಾರೆ. ನಿಜವಾದ ಪ್ರಾಚೀನ ಊರು ನಿಮ್ಮ ಕಾಲಡಿಯಲ್ಲಿತ್ತು. ಅಗೆದು, ಅಳೆದು, ಬರೆದುಕೊಂಡು, ಮತ್ತೆ ಮಣ್ಣು ಮುಚ್ಚಿದ ಊರು ಅದು. ತೆರೆದಿಟ್ಟರೆ ಆ ಉಪ್ಪು ತೇವದಲ್ಲಿ ಹಳೆಯ ಇಟ್ಟಿಗೆ ಹೆಚ್ಚು ಕಾಲ ಬಾಳುವುದಿಲ್ಲ.

ಇನ್ನು ನದಿಯ ಪ್ರಶ್ನೆ. ಚೆಂಜಿ ಕಡೆಯಿಂದ ಹರಿದು ಬರುವ ಶಂಕರಾಪರಣಿ ನದಿ ಸಮುದ್ರ ಸೇರುವ ಮುಂಚೆ ಎರಡಾಗಿ ಒಡೆಯುತ್ತದೆ. ದಕ್ಷಿಣದ ಕವಲು ಚುನ್ನಂಬಾರ್; ದೋಣಿವಿಹಾರಕ್ಕೆ ಜನ ಹೋಗುವುದು ಅಲ್ಲಿಗೆ. ಉತ್ತರದ ಕವಲು ಅರಿಯಾಂಕುಪ್ಪಂ ನದಿ. ಈ ಕವಲು ಸಮುದ್ರಕ್ಕೆ ತುಸು ಮೊದಲು ಒಂದು ಬಳಸು ಬಳಸಿ ಹಿನ್ನೀರಿನಂತೆ ಹರಡಿಕೊಳ್ಳುವ ಜಾಗದಲ್ಲಿ, ಅದರ ಬಲದಂಡೆಯ ದಿಬ್ಬವೇ ಅರಿಕಮೇಡು. ಕೋರಮಂಡಲ ಕರಾವಳಿಯನ್ನು ನಮ್ಮ ಕಾರವಾರದ ಕಡೆಯ ಕರಾವಳಿಯ ಹಾಗೆ ಎಣಿಸಬಾರದು. ಅಲ್ಲಿ ಗುಡ್ಡ ಚಾಚಿ ಮರೆ ಕೊಡುವ ಕೊಲ್ಲಿಗಳಿಲ್ಲ. ನೇರ ಮರಳು ದಂಡೆ, ಬಿಡದೆ ಬಡಿಯುವ ತೆರೆ, ಮಳೆಗಾಲದ ಕೊನೆಗೆ ಚಂಡಮಾರುತ. ದೊಡ್ಡ ಹಡಗು ದಂಡೆಗೆ ಬರುವಂತಿಲ್ಲ. ಆಚೆ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಆ ದೋಣಿಗಳಿಗೆ ಅಳಿವೆಯ ಒಳಗಿನ ಶಾಂತ ನೀರು, ಇಳಿಸಿದ ಸರಕಿಗೆ ಪ್ರವಾಹ ಮುಟ್ಟದಷ್ಟು ಎತ್ತರದ ದಿಬ್ಬ, ಒಳನಾಡಿಗೆ ನದಿಗುಂಟ ದಾರಿ, ಈ ಮೂರೂ ಒಟ್ಟಿಗೆ ಸಿಕ್ಕ ಜಾಗ ಇದು. ಈ ಕರಾವಳಿಯ ಹಳೆಯ ಬಂದರುಗಳು ಹೆಚ್ಚಾಗಿ ನದೀಮುಖಗಳಲ್ಲೇ ಇರುವುದಕ್ಕೆ ಇದೇ ಕಾರಣ. ಕಾವೇರಿಯ ಮುಖದಲ್ಲಿದ್ದ ಪೂಂಪುಹಾರ್ ಅವುಗಳಲ್ಲಿ ಹೆಸರಾದದ್ದು.

ಕ್ರಿ.ಶ. 1ನೇ ಶತಮಾನದಲ್ಲಿ ಒಬ್ಬ ಗ್ರೀಕ್ ನಾವಿಕ ವ್ಯಾಪಾರಿ ಬರೆದಿಟ್ಟ ಕೆಂಪು ಸಮುದ್ರದ ಕೈಪಿಡಿ, 'ಪೆರಿಪ್ಲಸ್', ಈ ಪೂರ್ವ ಕರಾವಳಿಯಲ್ಲಿ ಸಾಲಾಗಿ ಮೂರು ಬಂದರುಗಳನ್ನು ಹೆಸರಿಸುತ್ತದೆ: ಕಮರ, ಪೊದುಕೆ, ಸೋಪತ್ಮ. 2ನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯೂ ಪೊದುಕೆಯನ್ನು ವ್ಯಾಪಾರದ ಪಟ್ಟಣವೆಂದೇ ಕರೆಯುತ್ತಾನೆ. ಆ ಪೊದುಕೆಯೇ ಅರಿಕಮೇಡು ಎಂಬುದು ಹೆಚ್ಚಿನ ವಿದ್ವಾಂಸರ ಒಮ್ಮತ. ಹೆಸರು ಕೆತ್ತಿದ ಕಲ್ಲು ಅಲ್ಲಿ ಸಿಕ್ಕಿಲ್ಲವಾದ್ದರಿಂದ ನಾನು ಅದನ್ನು 'ಬಹುಪಾಲು ಖಚಿತ' ಎಂಬಲ್ಲಿಗೇ ನಿಲ್ಲಿಸುತ್ತೇನೆ.

ಊರು ಪತ್ತೆಯಾದ ಬಗೆ ನಿಧಾನದ್ದು. 1734ರಲ್ಲೇ ಪುದುಚೇರಿಯ ಫ್ರೆಂಚ್ ಅಧಿಕಾರಿಗಳು ತಮ್ಮ ಕಂಪನಿಗೆ ಬರೆದ ಪತ್ರದಲ್ಲಿ, ವೀರಾಂಪಟ್ಟಿಣದ ಹಳ್ಳಿಗರು ನೆಲದಿಂದ ಹಳೆಯ ಇಟ್ಟಿಗೆ ಕೀಳುತ್ತಿದ್ದಾರೆ ಎಂಬ ಮಾತಿದೆ. ವೀರಾಂಪಟ್ಟಿಣ ಅರಿಕಮೇಡಿಗೆ ಅಂಟಿಕೊಂಡ ಮೀನುಗಾರರ ಊರು. ಆಮೇಲೆ 1760ರ ದಶಕದಲ್ಲಿ, ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲೆಂದು ಬಂದಿದ್ದ ಫ್ರೆಂಚ್ ಖಗೋಳಜ್ಞ ಲೆ ಜಾಂಟಿ, ದೊಡ್ಡ ಅಳತೆಯ ಈ ಇಟ್ಟಿಗೆಗಳ ಸಂಗತಿಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ. 1769ರ ಆ ದಿನ ಪುದುಚೇರಿಯ ಆಕಾಶಕ್ಕೆ ಮೋಡ ಕವಿದು ಶುಕ್ರ ಕಾಣಲೇ ಇಲ್ಲ. ಅಷ್ಟು ದೂರದಿಂದ ಬಂದವನ ಕೆಲಸದಲ್ಲಿ ಈ ಇಟ್ಟಿಗೆಯ ಸಾಲುಗಳಾದರೂ ನಮಗೆ ದಕ್ಕಿದವಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಮುಂದಿನ ಹೆಜ್ಜೆ 1937ರಲ್ಲಿ. ಪಲ್ಲವರ ಇತಿಹಾಸದ ಮೇಲೆ ಕೆಲಸ ಮಾಡಿದ್ದ ಫ್ರೆಂಚ್ ವಿದ್ವಾಂಸ ಜೂವೋ-ದುಬ್ರೆಯ್ ಪುದುಚೇರಿಯಲ್ಲಿದ್ದರು. ಅರಿಕಮೇಡಿನ ಮಕ್ಕಳು ಮಳೆ ಬಂದಾಗ ಮೇಲೆ ಏಳುವ ಮಣಿಗಳನ್ನು ಹೆಕ್ಕುತ್ತಿದ್ದರು. ಅವನ್ನು ಇವರು ಕೊಂಡುಕೊಳ್ಳುತ್ತಿದ್ದರು. ಅವುಗಳ ನಡುವೆ ಮನುಷ್ಯನ ತಲೆ ಕೊರೆದ ಒಂದು ಮುದ್ರೆಕಲ್ಲು ಸಿಕ್ಕಿತು. ಅದು ಅಗಸ್ಟಸ್ ಚಕ್ರವರ್ತಿಯ ಮುಖ ಎಂದು ಅವರು ಗುರುತಿಸಿ, ಇದು ನಿಜವಾದ ರೋಮನ್ ನಗರ ಎಂದು ಸಾರಿದರು. ಮುಖ ಅಗಸ್ಟಸನದ್ದೇ ಎಂಬುದು ಆಮೇಲೆ ಚರ್ಚೆಯ ವಿಷಯವಾಯಿತು. 'ರೋಮನ್ ನಗರ' ಎಂಬ ಹಣೆಪಟ್ಟಿ ಮಾತ್ರ ಅಂದಿನಿಂದ ಅಂಟಿಕೊಂಡೇ ಇದೆ. 1940ರ ದಶಕದ ಮೊದಲ ವರ್ಷಗಳಲ್ಲಿ ಫೋಶೋ ಮತ್ತು ಸುರ್ಲೋ ಎಂಬಿಬ್ಬರು ಅಲ್ಲಿ ಅಗೆದರು. ಸಿಕ್ಕ ವಸ್ತುಗಳಲ್ಲಿ ಕೆಲವು ಮದ್ರಾಸು ಮ್ಯೂಸಿಯಂ ಸೇರಿದವು, ಕೆಲವು ದೂರದ ಹನೋಯ್‌ವರೆಗೂ ಹೋದವು.

ಮದ್ರಾಸಿಗೆ ಹೋದ ಚೂರುಗಳೇ ಕಥೆಯ ದಿಕ್ಕು ಬದಲಿಸಿದ್ದು. 1944ರಲ್ಲಿ ಮಾರ್ಟಿಮರ್ ವೀಲರ್ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. ದಕ್ಷಿಣ ಭಾರತದಲ್ಲಿ ಅವರಿಗೆ ಎದುರಾದ ತೊಡಕು ದೊಡ್ಡದು. ಇಲ್ಲಿ ಶಾಸನಗಳಿದ್ದವು, ದೇವಾಲಯಗಳಿದ್ದವು. ಆದರೆ ಅವಕ್ಕಿಂತ ಹಿಂದಿನ ಮಡಕೆ, ಗೋರಿ, ಕಲ್ಲುಕೊಡಲಿಗಳ ಕಾಲ ಹೇಳಲು ಯಾವ ಆಧಾರವೂ ಇರಲಿಲ್ಲ. ಹಳೆಯ ವಸ್ತುವಿನಲ್ಲಿ ಉಳಿದ ಇಂಗಾಲದಿಂದ ಅದರ ವಯಸ್ಸು ಅಳೆಯುವ ಇಂಗಾಲ-14 ವಿಧಾನ ಇನ್ನೂ ಹುಟ್ಟಿರಲಿಲ್ಲ. ಕಾಲ ಗೊತ್ತಿರುವ ಹೊರನಾಡಿನ ಒಂದು ವಸ್ತು, ಇಲ್ಲಿನ ವಸ್ತುಗಳ ಜೊತೆ ಒಂದೇ ಪದರದಲ್ಲಿ ಸಿಗಬೇಕಿತ್ತು. ಮದ್ರಾಸು ಮ್ಯೂಸಿಯಂನ ಕಪಾಟಿನಲ್ಲಿ ವೀಲರ್ ಕಣ್ಣಿಗೆ ಬಿದ್ದದ್ದು ಆಂಫೊರದ ಕುತ್ತಿಗೆ ಮತ್ತು ಹಿಡಿ. ಆಂಫೊರ ಎಂದರೆ ಎರಡು ಹಿಡಿ, ಚೂಪು ತಳದ ಎತ್ತರದ ಜಾಡಿ. ಮೆಡಿಟರೇನಿಯನ್ ನಾಡುಗಳಿಂದ ದ್ರಾಕ್ಷಾರಸ, ಆಲಿವ್ ಎಣ್ಣೆ, ಮೀನಿನ ಸಾರು ತುಂಬಿ ಹಡಗಿಗೆ ಏರಿಸುತ್ತಿದ್ದ ಪಾತ್ರೆ. ಅದು ಎಲ್ಲಿಯದು ಎಂದು ಕೇಳಿದರೆ ಪುದುಚೇರಿ ಎಂಬ ಉತ್ತರ ಬಂತು. ವೀಲರ್ ಅಲ್ಲಿಗೆ ಹೋಗಿ, ಅಲ್ಲಿನ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಚೂರುಗಳನ್ನು ನೋಡಿದರು. ಅಲ್ಲಿತ್ತು ಅವರು ಹುಡುಕುತ್ತಿದ್ದ ವಸ್ತು: ಅರೆಟೈನ್ ಪಾತ್ರೆ.

ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ 'ಗೊತ್ತಾದದ್ದು ಹೇಗೆ' ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅರೆಟೈನ್ ಎಂದರೆ ಇಟಲಿಯ ಅರೆಜ್ಜೊ ಪಟ್ಟಣದ ಹೆಸರಿನ, ನುಣುಪಾದ ಕೆಂಪು ಹೊಳಪಿನ ಊಟದ ಪಾತ್ರೆ. ಅದನ್ನು ಮಾಡುತ್ತಿದ್ದ ಕಾರ್ಖಾನೆಗಳು ತಳದ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತುತ್ತಿದ್ದವು. ಅರಿಕಮೇಡಿನ ಚೂರುಗಳ ಮೇಲೆ ವಿಬಿ, ಕಮುರಿ, ಇಟ್ಟ ಎಂಬ ಮುದ್ರೆಗಳಿವೆ. ಯಾವ ಮುದ್ರೆ ಯಾವ ದಶಕಗಳದ್ದು ಎಂಬುದನ್ನು ಯೂರೋಪಿನ ಪುರಾತತ್ವಜ್ಞರು ಮೊದಲೇ ಕಂಡುಕೊಂಡಿದ್ದರು. ಆ ಪಾತ್ರೆಯ ಕಾಲ ಕ್ರಿ.ಶ. 1ನೇ ಶತಮಾನದ ನಡುವಿಗೆ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ ಒಳಗಿನ ತಾರೀಖಿಲ್ಲದ ಪತ್ರದ ಕಾಲ ಹೇಳುವಂತೆ, ಈ ಚೂರು ಸಿಕ್ಕ ಪದರದ ಉಳಿದೆಲ್ಲ ವಸ್ತುಗಳಿಗೂ ಒಂದು ಕಾಲ ಸಿಕ್ಕಿತು.

1945ರಲ್ಲಿ ವೀಲರ್, ಎ. ಘೋಷ್ ಮತ್ತು ಕೃಷ್ಣದೇವ ಅಲ್ಲಿ ಅಗೆದರು. ಪುದುಚೇರಿ ಆಗ ಫ್ರೆಂಚರ ಕೈಯಲ್ಲಿತ್ತು. ಅವರ ಒಪ್ಪಿಗೆ ಪಡೆದೇ ಕೆಲಸ ನಡೆದದ್ದು. ಕೆಳಗಿನ ಪದರಗಳಿಗೆ ಹೋದಂತೆ ಗುಂಡಿಯಲ್ಲಿ ನೀರು ಜಿನುಗುತ್ತಿತ್ತು. ನದಿ ಮತ್ತು ಸಮುದ್ರ ಎರಡೂ ಪಕ್ಕದಲ್ಲಿರುವ ನೆಲ, ಇನ್ನೇನಾಗುತ್ತದೆ. ಸುಮಾರು 150 ಅಡಿ ಉದ್ದದ ಇಟ್ಟಿಗೆ ಕಟ್ಟಡವೊಂದು ಕಂಡಿತು. ಅದು ಸರಕಿನ ಉಗ್ರಾಣ ಎಂದು ಅವರು ತೀರ್ಮಾನಿಸಿದರು. ಇನ್ನೊಂದು ಭಾಗದಲ್ಲಿ ಅಂಗಳ, ತೊಟ್ಟಿ, ಇಟ್ಟಿಗೆಯ ಕಾಲುವೆಗಳು. ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು ಎಂದು ಊಹಿಸಿದರು. ಈ ಊಹೆ ಎಷ್ಟೋ ಪಠ್ಯಪುಸ್ತಕಗಳಲ್ಲಿ ಖಚಿತ ಸಂಗತಿಯಾಗಿ ಕುಳಿತಿದೆ, ಅದು ಸರಿಯಲ್ಲ. ತೊಟ್ಟಿ ಇತ್ತು ಎಂಬುದು ಸಾಕ್ಷ್ಯ, ಬಣ್ಣ ಎಂಬುದು ಊಹೆ.

ಈಗ ನಿಮ್ಮ ಕೊನೆಯ ಪ್ರಶ್ನೆಯನ್ನು ನಡುವೆಯೇ ತೆಗೆದುಕೊಳ್ಳುತ್ತೇನೆ. ಅರೆಟೈನ್ ಇದ್ದ ಪದರಗಳಲ್ಲೇ ಇನ್ನೊಂದು ಬಗೆಯ ತಟ್ಟೆಯ ಚೂರುಗಳು ಹೇರಳವಾಗಿದ್ದವು. ಬೂದು ಇಲ್ಲವೇ ಕಪ್ಪು ಬಣ್ಣ, ನುಣುಪು ಮೈ, ಒಳಕ್ಕೆ ಬಾಗಿದ ಅಂಚು, ಒಳತಳದಲ್ಲಿ ಸಣ್ಣ ಸಣ್ಣ ಕಚ್ಚುಗಳು ಉಂಗುರದೊಳಗೆ ಉಂಗುರವಾಗಿ ಸುತ್ತಿರುತ್ತವೆ. ಇದಕ್ಕೆ ರೂಲೆಟೆಡ್ ಪಾತ್ರೆ ಎಂದು ಹೆಸರು. ಇಟಲಿಯ ಪಾತ್ರೆ ಒಳನಾಡಿನ ಹಳ್ಳಿಗಳಿಗೆ ಹೋಗಲಿಲ್ಲ, ಆದರೆ ಈ ತಟ್ಟೆ ಹೋಯಿತು. ಎಲ್ಲಿಯವರೆಗೆ ಎಂದರೆ ಚಿತ್ರದುರ್ಗದವರೆಗೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿ ಅಶೋಕನ ಶಾಸನದಿಂದ ಆಗಲೇ ಪ್ರಸಿದ್ಧವಾಗಿತ್ತು, ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದಿದ್ದರು. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ವೀಲರ್‌ಗಿಂತ ಮೊದಲೇ ಅಗೆದಿದ್ದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಶಾತವಾಹನರ ನಾಣ್ಯಗಳೂ ಸಿಕ್ಕಿದ್ದವು. ಕೃಷ್ಣ ಅವರ ಈ ಕೆಲಸವಿಲ್ಲದಿದ್ದರೆ ವೀಲರ್ ಆ ಎರಡು ಜಾಗಗಳನ್ನು ಆರಿಸಿಕೊಳ್ಳುತ್ತಿದ್ದರೇ ಎಂಬುದೇ ಅನುಮಾನ. ಈ ಕಥೆ ಹೇಳುವಾಗ ಅವರ ಹೆಸರು ಜಾರಿಹೋಗುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ.

1947ರಲ್ಲಿ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಮೂರು ಹಂತಗಳು ಒಂದರ ಮೇಲೊಂದು ಕಂಡವು. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿ ಬಳಸುತ್ತಿದ್ದವರ ನೆಲೆ. ಅದರ ಮೇಲೆ ಕಬ್ಬಿಣ ಬಲ್ಲ, ಬೃಹತ್ ಶಿಲೆಗಳ ಗೋರಿ ಕಟ್ಟಿದವರ ಕಾಲ. ಇಂಥ ಗೋರಿಗಳನ್ನೇ ನಮ್ಮ ಹಳ್ಳಿಗಳಲ್ಲಿ ಮೋರ್ಯರ ಮನೆ, ಪಾಂಡವರ ಗುಡಿ ಎನ್ನುವುದು. ಎಲ್ಲಕ್ಕೂ ಮೇಲೆ ಶಾತವಾಹನರ ಕಾಲದ ಪದರ, ಅದರಲ್ಲಿ ಅರಿಕಮೇಡಿನಲ್ಲಿ ಸಿಕ್ಕಂಥದೇ ರೂಲೆಟೆಡ್ ತಟ್ಟೆಯ ಚೂರುಗಳು! ಅರೆಜ್ಜೊದ ಕುಂಬಾರನ ಮುದ್ರೆ ಅರಿಕಮೇಡಿನ ಪದರಕ್ಕೆ ಕಾಲ ಕೊಟ್ಟಿತು, ಆ ಪದರ ರೂಲೆಟೆಡ್ ತಟ್ಟೆಗೆ ಕಾಲ ಕೊಟ್ಟಿತು, ತಟ್ಟೆ ಬ್ರಹ್ಮಗಿರಿಯ ಮೇಲಿನ ಪದರಕ್ಕೆ ಕಾಲ ಕೊಟ್ಟಿತು. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುತ್ತ ಹೋದರೆ ಕರ್ನಾಟಕದ ಇತಿಹಾಸಪೂರ್ವ ಕಾಲಕ್ಕೆ ಮೊದಲ ಬಾರಿ ಒಂದು ಏಣಿ ಸಿಕ್ಕಿತು. ಅರಿಕಮೇಡಿನ ನಿಜವಾದ ಮಹತ್ವ ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರೋಮನ್ನರು ಅಲ್ಲಿ ದ್ರಾಕ್ಷಾರಸ ಕುಡಿದರೋ ಇಲ್ಲವೋ ಎಂಬುದಕ್ಕಿಂತ, ಇಡೀ ದಕ್ಷಿಣದ ಮಣ್ಣಿಗೆ ಕಾಲ ಓದಲು ಆ ಊರು ಕಲಿಸಿತು ಎಂಬುದು ದೊಡ್ಡ ಸಂಗತಿ.

ಆ ಏಣಿಯ ಮೆಟ್ಟಿಲುಗಳು ಎಲ್ಲವೂ ಸರಿಯಾದ ಜಾಗದಲ್ಲಿರಲಿಲ್ಲ ಎಂಬುದನ್ನೂ ಹೇಳಬೇಕು. ವೀಲರ್ ಬ್ರಹ್ಮಗಿರಿಯ ಬೃಹತ್ ಶಿಲಾ ಹಂತವನ್ನು ಸುಮಾರು ಕ್ರಿ.ಪೂ. 200ರಿಂದ ಆರಂಭಿಸಿದ್ದರು, ಕಲ್ಲುಕೊಡಲಿಯವರನ್ನು ಕ್ರಿ.ಪೂ. ಮೊದಲ ಸಹಸ್ರಮಾನದೊಳಗೇ ಇಟ್ಟಿದ್ದರು. ಆಮೇಲೆ ಇಂಗಾಲ-14 ಬಂತು. ತೆಕ್ಕಲಕೋಟೆಯಂಥ ನೆಲೆಗಳಿಂದಲೂ ತೆಲಂಗಾಣದ ಉತ್ನೂರಿನಿಂದಲೂ ಸಿಕ್ಕ ಮಾದರಿಗಳು ದಕ್ಷಿಣದ ನವಶಿಲಾಯುಗವನ್ನು, ಅಂದರೆ ಆ ಕಲ್ಲುಕೊಡಲಿಯವರ ಕಾಲವನ್ನು, ಕ್ರಿ.ಪೂ. 3ನೇ ಸಹಸ್ರಮಾನದವರೆಗೂ ಒಯ್ದವು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನ ಕಬ್ಬಿಣವನ್ನು ಸುಮಾರು ಕ್ರಿ.ಪೂ. 1000ದಷ್ಟು ಹಿಂದಕ್ಕೆ ತಳ್ಳಿತು. ಕಬ್ಬಿಣದ ಲೆಕ್ಕದಲ್ಲಿ ಸುಮಾರು ಎಂಟುನೂರು ವರ್ಷ, ಕಲ್ಲುಕೊಡಲಿಯ ಲೆಕ್ಕದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ವ್ಯತ್ಯಾಸ! ಹಾಗೆಂದು ವೀಲರ್ ಲೆಕ್ಕ ವ್ಯರ್ಥವಾಗಲಿಲ್ಲ. ಯಾವುದು ಕೆಳಗೆ, ಯಾವುದು ಮೇಲೆ ಎಂಬ ಕ್ರಮ ಇಂದಿಗೂ ಹಾಗೆಯೇ ನಿಂತಿದೆ, ಬದಲಾದದ್ದು ವರ್ಷಗಳು.

ಇನ್ನು ಮುಖ್ಯ ಪ್ರಶ್ನೆ, ಅದು ರೋಮನ್ನರ ಊರೇ? ಅಲ್ಲ. ವೀಲರ್ ನಂತರ 1947ರಿಂದ ಅಲ್ಲಿ ಅಗೆದ ಫ್ರೆಂಚ್ ಪುರಾತತ್ವಜ್ಞ ಕಸಾಲ್, ರೋಮನ್ ಸರಕು ಬರುವುದಕ್ಕೆ ಮುಂಚಿನ ಸ್ಥಳೀಯರ ನೆಲೆಯ ಕುರುಹುಗಳನ್ನು ಕಂಡರು. 1989ರಿಂದ 1992ರವರೆಗೆ ಪುರಾತತ್ವಜ್ಞೆ ವಿಮಲಾ ಬೆಗ್ಲಿ, ಪೆನ್ಸಿಲ್ವೇನಿಯಾ ಮತ್ತು ಮದ್ರಾಸು ವಿಶ್ವವಿದ್ಯಾಲಯಗಳ ಜಂಟಿ ಉತ್ಖನನ ನಡೆಸಿ ಹಳೆಯ ತೀರ್ಮಾನಗಳನ್ನೆಲ್ಲ ಮತ್ತೆ ತೂಗಿ ನೋಡಿದರು. ಊರು ಕ್ರಿ.ಪೂ. ಶತಮಾನಗಳಲ್ಲೇ ಇತ್ತು, ಮೆಡಿಟರೇನಿಯನ್ ಜೊತೆಗಿನ ವ್ಯಾಪಾರವೂ ಅಗಸ್ಟಸನಿಗಿಂತ ಮೊದಲೇ ಶುರುವಾಗಿತ್ತು, ಅರೆಟೈನ್ ನಿಂತ ಮೇಲೆ ಊರು ಅಳಿಯಲೂ ಇಲ್ಲ ಎಂಬುದು ಸ್ಪಷ್ಟವಾಯಿತು. ಮೇಲಿನ ಪದರಗಳಲ್ಲಿ ಚೋಳರ ಕಾಲದ ನಾಣ್ಯ, ಚೀನಾದ ಹಸಿರು ಹೊಳಪಿನ ಸೆಲಡಾನ್ ಪಾತ್ರೆಗಳ ಚೂರುಗಳು ಸಿಕ್ಕಿವೆ. ಅಂದರೆ ಸಾವಿರ ವರ್ಷದ ನಂತರವೂ ಅಲ್ಲಿ ಜನರ ಓಡಾಟವಿತ್ತು.

ವೀಲರ್ ಕಾಲದಲ್ಲಿ ಪಶ್ಚಿಮದಿಂದ ಬಂದದ್ದು ಎಂದು ಭಾವಿಸಿದ್ದ ರೂಲೆಟೆಡ್ ಪಾತ್ರೆಯೂ ಭಾರತದಲ್ಲೇ ಮಾಡಿದ್ದು ಎಂದು ಬೆಗ್ಲಿ ತೋರಿಸಿದರು. ಮಣ್ಣಿನ ವಿಶ್ಲೇಷಣೆಗಳು ಗಂಗೆಯ ಕೆಳಬಯಲಿನ ಕಡೆ, ಬಂಗಾಳದ ಕಡೆ, ಬೊಟ್ಟು ಮಾಡುತ್ತವೆ. ಇದೇ ತಟ್ಟೆ ಪೂರ್ವಕ್ಕೆ ಬಾಲಿ ದ್ವೀಪದ ಸೆಂಬಿರಾನ್‌ನಲ್ಲೂ ಪಶ್ಚಿಮಕ್ಕೆ ಈಜಿಪ್ಟಿನ ಬೆರೆನೀಕೆ ಬಂದರಿನಲ್ಲೂ ಸಿಕ್ಕಿದೆ. ಪೂರ್ವ ಕರಾವಳಿಯುದ್ದಕ್ಕೂ ನಮ್ಮವರದೇ ಹಡಗುಗಳು ಓಡಾಡುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಪೆರಿಪ್ಲಸ್ ಕೂಡ ಈ ಬಂದರುಗಳ ಸಂಗಾರ, ಕೊಲಾಂಡಿಯ ಎಂಬ ಸ್ಥಳೀಯ ನೌಕೆಗಳನ್ನು ಬೇರೆಯಾಗಿಯೇ ಹೆಸರಿಸುತ್ತದೆ.

ಮಣ್ಣಿನ ಚೂರುಗಳ ಮೇಲೆ ಗೀರಿದ ಹೆಸರುಗಳು ತಮಿಳು-ಬ್ರಾಹ್ಮಿ ಲಿಪಿಯಲ್ಲಿವೆ, ಕೆಲವು ಪ್ರಾಕೃತ ಭಾಷೆಯಲ್ಲಿವೆ. ತಮ್ಮ ಪಾತ್ರೆಗೆ ತಮ್ಮ ಹೆಸರು ಬರೆದುಕೊಂಡವರು ಅಲ್ಲಿ ಬಾಳಿದವರು. ಪಶ್ಚಿಮದವರು ಅಲ್ಲಿ ಇರಲೇ ಇಲ್ಲ ಎಂದೂ ಹೇಳಲಾಗದು. ಆಂಫೊರಗಳನ್ನು ಅಧ್ಯಯನ ಮಾಡಿದ ಎಲಿಜಬೆತ್ ಲೈಡಿಂಗ್ ವಿಲ್ ಅವುಗಳಲ್ಲಿ ಗ್ರೀಕ್ ದ್ವೀಪಗಳಾದ ಕೋಸ್, ರೋಡ್ಸ್ ಕಡೆಯ ಬಗೆಗಳನ್ನು ಗುರುತಿಸಿದರು. ಯವನರು, ಅಂದರೆ ಗ್ರೀಕ್-ರೋಮನ್ ಕಡೆಯವರು, ತಂದ ತಂಪಾದ ಪರಿಮಳದ ಮದ್ಯವನ್ನು ಪಾಂಡ್ಯ ರಾಜ ಕುಡಿಯುವ ವರ್ಣನೆ ಸಂಗಂ ಕಾಲದ ತಮಿಳು ಕವಿತೆಯೊಂದರಲ್ಲಿದೆ, ಹಾಗಾಗಿ ಜಾಡಿ ಬಂದ ಕಡೆಯೆಲ್ಲ ಪರದೇಶಿಗಳೇ ಕುಡಿದರು ಎನ್ನಲಾಗದು. ಮಾನ್ಸೂನ್ ಗಾಳಿ ತಿರುಗುವವರೆಗೆ ಕಾಯುವ ಕೆಲವು ವ್ಯಾಪಾರಿಗಳು, ನಾವಿಕರು ಅಲ್ಲಿ ಉಳಿದಿರಬಹುದು. ರೋಮನ್ ದೇಗುಲವಾಗಲಿ, ಸ್ನಾನಗೃಹವಾಗಲಿ, ಸ್ಮಶಾನವಾಗಲಿ ಅಲ್ಲಿ ಸಿಕ್ಕಿಲ್ಲ.

ಆ ಊರಿನ ದೊಡ್ಡ ದುಡಿಮೆ ಮಣಿ. ಕಾರ್ನೀಲಿಯನ್, ಅಗೇಟ್, ಗಾರ್ನೆಟ್, ಅಮೆಥಿಸ್ಟ್ ಮಣಿಗಳು ಮಾತ್ರವಲ್ಲ, ಒರಟು ಕಲ್ಲು, ಅರ್ಧ ಕೆತ್ತಿದ್ದು, ತೂತು ಕೊರೆಯುವಾಗ ಒಡೆದದ್ದು, ಸಿಪ್ಪೆ, ಎಲ್ಲವೂ ಅಲ್ಲಿ ಸಿಗುತ್ತವೆ. ಸಿದ್ಧ ಮಣಿ ಸಿಕ್ಕರೆ ಅದು ಅಂಗಡಿಯೂ ಆಗಿರಬಹುದು; ಒಡೆದ ಅರ್ಧ ಮಣಿ ಸಿಕ್ಕರೆ ಅದು ಕಮ್ಮಟವೇ. ಗಾಜಿನ ಮಣಿಯ ಕಥೆ ಇನ್ನೂ ದೊಡ್ಡದು. ಕಾದ ಗಾಜಿನ ಮುದ್ದೆಯಿಂದ ಉದ್ದನೆಯ ಟೊಳ್ಳು ಕೊಳವೆ ಎಳೆದು, ಅದನ್ನು ಚೂರು ಚೂರು ಕತ್ತರಿಸಿ, ಅಂಚು ಮೃದುವಾಗುವಂತೆ ಮತ್ತೆ ಕಾಯಿಸುವುದು ವಿಧಾನ. ಒಂದೇ ಎಳೆತಕ್ಕೆ ಸಾವಿರಾರು ಮಣಿ. ಈ ಪುಟ್ಟ ಒಂದೇ ಬಣ್ಣದ ಮಣಿಗಳು ಥಾಯ್ಲೆಂಡ್, ವಿಯೆಟ್ನಾಂವರೆಗೂ ಹರಡಿವೆ. ಇವುಗಳ ಬೆನ್ನು ಹತ್ತಿದ ಪೀಟರ್ ಫ್ರಾನ್ಸಿಸ್ ಅವರು ಆಂಧ್ರದಲ್ಲಿ ತಿರುಪತಿ ಕಡೆಯ ಪಾಪನಾಯುಡುಪೇಟೆಯಲ್ಲಿ ಅದೇ ವಿಧಾನದಲ್ಲಿ ಗಾಜು ಎಳೆಯುವವರನ್ನು ಕಂಡು ದಾಖಲಿಸಿದರು. ಅರಿಕಮೇಡಿನ ಕುಲುಮೆ ಆರಿಹೋದರೂ ಆ ಕೈಚಳಕ ಆರಲಿಲ್ಲ ಎಂಬುದು ನನಗೆ ಚಿನ್ನದ ನಾಣ್ಯಕ್ಕಿಂತ ಬೆಲೆಯ ಸುದ್ದಿ.

ವ್ಯಾಪಾರದ ಗಾತ್ರ ತಿಳಿಯಬೇಕಿದ್ದರೆ ರೋಮಿನ ಲೇಖಕ ಪ್ಲಿನಿಯ ದೂರು ಕೇಳಿ: ಭಾರತ ವರ್ಷವರ್ಷವೂ ತಮ್ಮ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹೀರುತ್ತದೆ ಎಂದು ಅವನು ಬರೆದ. ಮಲಬಾರಿನ ಮೆಣಸು ಅದರಲ್ಲಿ ಮುಖ್ಯ. ಪೂರ್ವ ಕರಾವಳಿಯಿಂದ ನೂಲುಬಟ್ಟೆ, ಮುತ್ತು, ಮಣಿ ಹೋಗುತ್ತಿದ್ದವು. ಹಾಗೆ ಬಂದ ಬೆಳ್ಳಿಯಲ್ಲಿ ಒಂದಷ್ಟು ನಮ್ಮ ನೆಲದಲ್ಲೂ ಇಳಿದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಕಾಮಗಾರಿಗೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತ್ತು.

ಏನೂ ಕಾಣದಿರುವುದಕ್ಕೆ ನದಿಯ ಕೊರೆತವೂ ಒಂದು ಕಾರಣ. ದಂಡೆಯ ಜೊತೆ ಊರಿನ ಒಂದು ಭಾಗ ನೀರು ಪಾಲಾಗಿದೆ. ಇನ್ನೊಂದು ಕಾರಣ ಇಟ್ಟಿಗೆ ಕಳವು. 1734ರ ಪತ್ರದಲ್ಲಿರುವುದು ಅದರ ಒಂದು ಕಂತು ಮಾತ್ರ. ಮಧ್ಯಯುಗದಲ್ಲೇ ಜನ ಗೋಡೆಗುಂಟ ಕಾಲುವೆ ತೋಡಿ ಇಟ್ಟಿಗೆ ಎತ್ತಿಕೊಂಡು ಹೋದದ್ದು ವೀಲರ್ ಗುಂಡಿಗಳಲ್ಲಿ ಸ್ಪಷ್ಟವಾಗಿ ಕಂಡಿತ್ತು. ಎಷ್ಟೋ ಕಡೆ ಗೋಡೆ ಇದ್ದ ಜಾಗದಲ್ಲಿ ಗೋಡೆಯ ಆಕಾರದ ತೆರವಷ್ಟೇ ಉಳಿದಿತ್ತು.

ಮುಂದಿನ ಸಲ ಹೋದರೆ ಮೊದಲು ಭಾರತಿ ಪಾರ್ಕ್ ಹತ್ತಿರದ ಪುದುಚೇರಿ ಮ್ಯೂಸಿಯಂಗೆ ಹೋಗಿ. ಅರಿಕಮೇಡಿನ ಮಣಿ, ಆಂಫೊರ ಚೂರು, ಮಡಕೆಗಳು ಅಲ್ಲಿವೆ. ಅವನ್ನು ನೋಡಿಕೊಂಡು ದಿಬ್ಬಕ್ಕೆ ಹೋದರೆ ನೆಲ ಬೇರೆಯಾಗಿ ಕಾಣುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿ ಕಾಲಡಿಗೆ ಬೋಕಿಚೂರು, ಒಮ್ಮೊಮ್ಮೆ ಮಣಿಯೂ ಸಿಗಬಹುದು. ದಯವಿಟ್ಟು ಜೇಬಿಗೆ ಹಾಕಿಕೊಳ್ಳಬೇಡಿ. ಅದು ಸಂರಕ್ಷಿತ ಜಾಗ, ಎತ್ತಿಕೊಂಡರೆ ಕಾನೂನಿನ ತೊಡಕಿದೆ. ಅದಕ್ಕಿಂತ ಮುಖ್ಯವಾಗಿ, ಯಾವ ಪದರದಲ್ಲಿತ್ತು ಎಂಬುದು ತಪ್ಪಿಹೋದ ಚೂರು ಮತ್ತೆಂದೂ ಯಾವ ಊರಿನ ಕಾಲವನ್ನೂ ಹೇಳಲಾರದು.